ನಾಲ್ಕನೇ ಭಾಗ ಬರುತ್ತದಂತೆ

ನಾಲ್ಕನೇ ಭಾಗ ದೀಪಾವಳಿಗೆ ಬರುತ್ತದೆ ಎಂದು ಮೊದಲು ಹೇಳಿದವನು ದಾವಣಗೆರೆಯಲ್ಲಿ ವಿಡಿಯೊ ಗೇಮ್ ಕ್ಯಾಸೆಟ್ ಮಾರುತ್ತಿದ್ದ ಒಬ್ಬ ಅಂಗಡಿಯವನು. ದೀಪಾವಳಿ ಬಂತು, ಹೋಯಿತು. ಆಮೇಲೆ ಅವನು ಸಂಕ್ರಾಂತಿ ಎಂದ. ಸಂಕ್ರಾಂತಿಯೂ ಕಳೆದ ಮೇಲೆ ಯುಗಾದಿ ಎಂದ. ಹಬ್ಬ ಬಿಟ್ಟು ಸಾದಾ ದಿನ ಯಾವುದನ್ನೂ ಅವನು ಹೇಳುವುದಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಿದೆ ಕೂಡ. ಆದರೂ ನಂಬಿದೆ. ಅನುಮಾನಪಡುತ್ತಲೇ ನಂಬುವುದು ನನ್ನ ಹುಟ್ಟುಗುಣ. ಐವತ್ತರ ಹತ್ತಿರ ಬಂದರೂ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತಿದ ಬಸ್ಸಿಳಿದು ವಾಪಸ್ ಬಂದು ನೋಡುವವನು ನಾನು. ಬೀಗ ಹಾಕಿಯೇ ಇರುತ್ತೇನೆ.

ಆ ಆಟದ ಹೆಸರು ಪೆಟ್ಟಿಗೆಯ ಮೇಲೆ ನಮಗೆ ಓದಲು ಬಾರದ ಲಿಪಿಯಲ್ಲಿತ್ತು. ಊರಲ್ಲಿ ಎಲ್ಲರೂ ಅದನ್ನು ಹಗ್ಗದ ಆಟ ಎನ್ನುತ್ತಿದ್ದರು. ಬೆಟ್ಟ ಹತ್ತುವವರು ಇಬ್ಬರು, ಒಬ್ಬನಿಗೆ ಕೆಂಪು ಟೊಪ್ಪಿಗೆ, ಇನ್ನೊಬ್ಬನಿಗೆ ನೀಲಿ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಜಾರಿದರೆ ಇನ್ನೊಬ್ಬನೂ ಬೀಳುತ್ತಿದ್ದ. ಒಬ್ಬರೇ ಆಡಲು ಬರುತ್ತಿರಲಿಲ್ಲ. ಎರಡನೇ ರಿಮೋಟ್ ಹಿಡಿಯುವವರು ಇಲ್ಲದಿದ್ದರೆ ಕೆಂಪು ಟೊಪ್ಪಿಗೆಯವನು ಬೆಟ್ಟದ ಬುಡದಲ್ಲೇ ನಿಂತು ಕಾಲು ಕುಟ್ಟುತ್ತಿದ್ದ. ಇಂಥ ಆಟವನ್ನು, ಜೊತೆಗೆ ಆಡಲು ಯಾರೂ ಇಲ್ಲದ ನಾನು ಯಾಕೆ ಕೊಂಡೆ ಎಂದು ಕೇಳಬೇಡಿ. ಪೆಟ್ಟಿಗೆಯ ಮೇಲಿನ ಚಿತ್ರ ಚೆನ್ನಾಗಿತ್ತು.

ಮೂರು ಭಾಗ ಬಂದು ಆ ಸರಣಿ ನಿಂತುಹೋಗಿತ್ತು. ಮೂರನೆಯದರ ಕೊನೆಯಲ್ಲಿ ಇಬ್ಬರೂ ತುದಿ ಮುಟ್ಟಿ ನಿಲ್ಲುತ್ತಾರೆ, ಅಷ್ಟು ದೂರದಲ್ಲಿ ಇನ್ನೊಂದು ಬೆಟ್ಟ ಕಾಣುತ್ತದೆ, ಪರದೆ ಕಪ್ಪಾಗುತ್ತದೆ. ಆ ಇನ್ನೊಂದು ಬೆಟ್ಟವೇ ಎಲ್ಲ ಗಾಳಿಸುದ್ದಿಯ ತವರುಮನೆ. ಆ ಬೆಟ್ಟ ಹತ್ತಿಸದೆ ಬಿಡುತ್ತಾರೆಯೇ ಎಂದು ಅಂಗಡಿಯವನು ಕೇಳುತ್ತಿದ್ದ. ಜೊತೆಗೆ ಒಂದು ಬಾಲವನ್ನೂ ಅಂಟಿಸಿದ್ದ: ಮೂರನೇ ಭಾಗವನ್ನು ಇಬ್ಬರು ಸೇರಿ ಒಂದು ಸಲವೂ ಬೀಳದೆ ಮುಗಿಸಿದರೆ ಕೊನೆಗೆ ಒಂದು ಸಂಖ್ಯೆ ಬರುತ್ತದೆ, ನಾಲ್ಕನೇ ಭಾಗ ತೆರೆಯುವುದು ಆ ಸಂಖ್ಯೆಯಿಂದಲೇ. ಸಂಖ್ಯೆ ಇಲ್ಲದವರು ಕ್ಯಾಸೆಟ್ ಕೊಂಡರೂ ಪ್ರಯೋಜನವಿಲ್ಲ.

ಆಗ ನನಗೆ ಇಪ್ಪತ್ತೆರಡು. ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿ ಚೌಕಿಪೇಟೆಯ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಅಪ್ಪನ ಪಕ್ಕ ಕೂತಿದ್ದೆ. ಮನೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರು ಎಲ್ಲ ಸೇರಿ ಹದಿನಾಲ್ಕು ಜನ. ಹದಿನಾಲ್ಕು ಜನರ ಮನೆಯಲ್ಲಿ ಒಬ್ಬಂಟಿಯಾಗಿರಲು ಒಂದು ಪ್ರತಿಭೆ ಬೇಕು, ಅದು ನನಗಿತ್ತು. ಊಟ ಆಯಿತೇ ಎಂದು ದಿನಕ್ಕೆ ಆರು ಜನ ಕೇಳುತ್ತಿದ್ದರು. ಬೇರೆ ಏನನ್ನೂ ಯಾರೂ ಕೇಳುತ್ತಿರಲಿಲ್ಲ, ಕೇಳಿದ್ದರೂ ಹೇಳಲು ನನ್ನ ಬಳಿ ಏನಿತ್ತು?

ಕಾಲೇಜಿನಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹರಿಹರದವನಿದ್ದ. ಓದನ್ನು ನಡುವೆಯೇ ಬಿಟ್ಟು ಹರಿಹರದ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ನಕ್ಕರೆ ಪಕ್ಕದ ಮನೆಯವರು ಏನಾಯಿತೆಂದು ಬಂದು ನೋಡುತ್ತಿದ್ದರು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದಿಲ್ಲ, ಸಾವ್ಕಾರ ಎನ್ನುತ್ತಿದ್ದ. ಗೌರವಕ್ಕಲ್ಲ. ಕ್ಯಾಂಟೀನಿನಲ್ಲಿ ನಾನು ಚಿಲ್ಲರೆಯನ್ನು ಎರಡೆರಡು ಸಲ ಎಣಿಸುತ್ತಿದ್ದುದಕ್ಕೆ. ಸಂಖ್ಯೆಯ ಸುದ್ದಿ ಕೇಳಿದ್ದೇ ಅವನಿಗೆ ಹುರುಪು ಬಂತು. ಪ್ರತಿ ಭಾನುವಾರ ಮಧ್ಯಾಹ್ನ ಕೂತು ಒಂದು ಸಲವೂ ಬೀಳದೆ ಮೂರನೆಯದನ್ನು ಮುಗಿಸಿಯೇ ತೀರುವುದೆಂದು ನಿಶ್ಚಯಿಸಿದ. ನಾನು ನಿಶ್ಚಯಿಸಲಿಲ್ಲ. ಭಾನುವಾರ ಬರುವುದನ್ನು ಸೋಮವಾರದಿಂದ ಕಾಯತೊಡಗಿದೆ, ಅಷ್ಟೆ.

ಎಲ್ಲಿ ಆಡಬೇಕೆಂಬುದನ್ನು ನಾವು ತೀರ್ಮಾನಿಸುತ್ತಿರಲಿಲ್ಲ, ಕರೆಂಟ್ ತೀರ್ಮಾನಿಸುತ್ತಿತ್ತು. ಆ ಕಾಲದಲ್ಲಿ ದಾವಣಗೆರೆಯಲ್ಲಿ ಮಧ್ಯಾಹ್ನ ತೆಗೆದರೆ ಹರಿಹರದಲ್ಲಿ ಇರುತ್ತಿತ್ತು, ಅಲ್ಲಿ ತೆಗೆದರೆ ಇಲ್ಲಿ. ಆಟವನ್ನು ಅರ್ಧಕ್ಕೆ ಉಳಿಸಿಡುವ ವ್ಯವಸ್ಥೆ ಆ ಪೆಟ್ಟಿಗೆಯಲ್ಲಿರಲಿಲ್ಲ. ಕರೆಂಟ್ ಹೋದರೆ ಮೂರು ತಾಸಿನ ಬೆಟ್ಟ ಒಂದೇ ಕ್ಷಣಕ್ಕೆ ಮಾಯ, ಮತ್ತೆ ಬುಡದಿಂದ ಶುರು. ಹಾಗಾಗಿ ನಮ್ಮ ಕಡೆ ತೆಗೆಯುವ ವಾರ ನಾನು ಆಟದ ಪೆಟ್ಟಿಗೆಯನ್ನು ಟವೆಲ್‌ನಲ್ಲಿ ಸುತ್ತಿ, ಅಂಗಡಿಯ ಕೈಚೀಲದಲ್ಲಿಟ್ಟು, ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಹರಿಹರದ ಬಸ್ ಹತ್ತುತ್ತಿದ್ದೆ. ಅವರ ಕಡೆ ತೆಗೆಯುವ ವಾರ ಅವನು ಖಾಲಿ ಕೈಯಲ್ಲಿ, ಸೀಟಿ ಹೊಡೆಯುತ್ತ ನಮ್ಮ ಮನೆಗೆ ಬರುತ್ತಿದ್ದ. ಚಿಂತೆಯ ಚೀಲ ಯಾವಾಗಲೂ ನನ್ನ ಪಾಲಿಗೇ.

ಅವರ ಮನೆಯ ಟಿವಿ ಕಪ್ಪು ಬಿಳುಪಿನದು. ಕೆಂಪು ಟೊಪ್ಪಿಗೆ, ನೀಲಿ ಟೊಪ್ಪಿಗೆ ಎರಡೂ ಅದರಲ್ಲಿ ಒಂದೇ ಬೂದಿ ಬಣ್ಣ. ನಾನು ಹತ್ತಿಸುತ್ತಿರುವುದು ನನ್ನವನನ್ನೇ ಎಂದುಕೊಂಡು ಎಷ್ಟೋ ಹೊತ್ತು ಅವನವನನ್ನೇ ನೋಡುತ್ತಿರುತ್ತಿದ್ದೆ. ಅಷ್ಟರಲ್ಲಿ ನನ್ನವನು ಎಲ್ಲೋ ಅಂಚಿನಿಂದ ಕಾಲು ಜಾರಿಸಿ ಇಬ್ಬರನ್ನೂ ಕೆಳಗೆ ಎಳೆದುಬಿಡುತ್ತಿದ್ದ. ಬಿದ್ದವನು ಯಾರೆಂಬ ಜಗಳದಲ್ಲಿ ಅರ್ಧ ಮಧ್ಯಾಹ್ನ ಹೋಗುತ್ತಿತ್ತು. ಅವನ ತಾಯಿ ಮಂಡಕ್ಕಿಗೆ ಒಗ್ಗರಣೆ ಹಾಕಿ ತಂದಿಟ್ಟು, ಇಬ್ಬರೂ ಬಿದ್ದಿದ್ದೀರಲ್ಲ, ಇನ್ನೇನು ಎಂದು ಹೋಗುತ್ತಿದ್ದರು. ನನ್ನ ಆಯುಷ್ಯದಲ್ಲಿ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಜಗಳ ಆಡಿದ್ದು ಅಲ್ಲಿ ಮಾತ್ರ.

ದೀಪಾವಳಿ ಕಳೆದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಸ್ತುವಿಗೆ ಕಾಯುವುದು ನನ್ನಂಥವರಿಗಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಮುಂಬೈನ ಒಬ್ಬ ವಿತರಕನ ವಿಳಾಸವಿತ್ತು. ಬಿ.ಕಾಂ.ನಲ್ಲಿ ಕಲಿತ ವ್ಯಾಪಾರಿ ಪತ್ರದ ಕ್ರಮದಲ್ಲಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಆರಂಭಿಸಿ, ಹಗ್ಗದ ಆಟದ ನಾಲ್ಕನೇ ಭಾಗ ಯಾವಾಗ, ಸಂಖ್ಯೆಯ ವಿಚಾರ ನಿಜವೇ ಎಂದು ಇಂಗ್ಲಿಷಿನಲ್ಲಿ ಬರೆದೆ. ಸ್ಟಾಂಪ್ ಹಚ್ಚಿದ ಮರುಲಕೋಟೆಯನ್ನೂ ಇಟ್ಟೆ. ಗೆಳೆಯನಿಗೆ ಹೇಳಿದೆ. ಅವನಿಗೆ ಎಲ್ಲಿಲ್ಲದ ಹೆಮ್ಮೆ. ಕಂಪನಿಯವರಿಗೇ ಪತ್ರ ಬರೆಯುವ ಧೈರ್ಯ ಚೌಕಿಪೇಟೆಯಲ್ಲಿ ಇನ್ನಾರಿಗಿದೆ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದನಂತೆ.

ಉತ್ತರ ಸಂಕ್ರಾಂತಿಯ ಮಾರನೇ ವಾರ ಅಂಗಡಿಗೇ ಬಂತು. ಟೈಪು ಮಾಡಿದ ಮೂರು ಸಾಲು. ತಯಾರಕರು ಈ ಸರಣಿಯನ್ನು ನಿಲ್ಲಿಸಿದ್ದಾರೆ. ನಾಲ್ಕನೇ ಭಾಗವಿಲ್ಲ, ತರುವ ಯೋಚನೆಯೂ ಇಲ್ಲ. ಸಂಖ್ಯೆ ಎಂಬುದು ಯಾವ ಭಾಗದಲ್ಲೂ ಇಲ್ಲ.

ನಾನು ಅದನ್ನು ಬಟ್ಟೆಯ ಥಾನುಗಳ ಹಿಂದೆ ನಿಂತು ನಾಲ್ಕು ಸಲ ಓದಿದೆ. ಆಟ ಹೋಯಿತಲ್ಲ ಎಂದು ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಬೆಟ್ಟ ಹತ್ತಿ ಹತ್ತಿ ನನಗೆ ಬೇಸರ ಬಂದಿತ್ತು. ತಲೆಗೆ ಬಂದದ್ದು ಒಂದೇ: ಇನ್ನು ಭಾನುವಾರ ಅವನು ಯಾಕೆ ಬರುತ್ತಾನೆ? ಕಾರ್ಖಾನೆಯ ವಾಲಿಬಾಲ್ ತಂಡಕ್ಕೆ ಅವನನ್ನು ಕರೆಯುತ್ತಿದ್ದರು. ಅಷ್ಟು ಎತ್ತರದವನನ್ನು ಯಾರು ಬಿಡುತ್ತಾರೆ? ತಂಡದಲ್ಲಿದ್ದ ಅಪ್ರೆಂಟಿಸ್‌ಗಳನ್ನು ಕಾಯಂ ಮಾಡುತ್ತಾರೆ ಎಂದೂ ಮಾತಿತ್ತು. ಅಭ್ಯಾಸ ಭಾನುವಾರ ಮಧ್ಯಾಹ್ನ. ನಾಲ್ಕನೇ ಭಾಗ ಬಂದುಹೋಗಲಿ, ಆಮೇಲೆ ನೋಡೋಣ ಎಂದು ಅವನು ಮುಂದೂಡಿದ್ದ. ಆಟವನ್ನು ತೆಗೆದುಹಾಕಿದರೆ ಉಳಿಯುವ ನಾನು ಎಷ್ಟು ಎಂದು ಲೆಕ್ಕ ಹಾಕಿ ನೋಡಿದೆ. ಬಟ್ಟೆಯನ್ನು ಮುಟ್ಟಿ ಅದರ ಪನ್ನ, ಅಂದರೆ ಅಗಲ, ಎಷ್ಟೆಂದು ಹೇಳಬಲ್ಲೆ, ಇದೊಂದೇ ಗುಣ ನೆನಪಾಯಿತು. ಅದಕ್ಕಾಗಿ ಹರಿಹರದಿಂದ ಯಾರೂ ಬಸ್ಸಿನಲ್ಲಿ ಬರುವುದಿಲ್ಲ.

ಪತ್ರವನ್ನು ಹರಿಯಲು ಕೈ ಬರಲಿಲ್ಲ. ನಮ್ಮದು ಕಾಗದ ಹರಿಯದ ಮನೆತನ. ಮನೆಗೆ ಒಯ್ದರೆ ಹದಿನಾಲ್ಕು ಜನರಲ್ಲಿ ಒಬ್ಬರು ತೆಗೆದು ನೋಡುತ್ತಾರೆ. ಆಗ ಕಣ್ಣಿಗೆ ಬಿದ್ದದ್ದು ಸಾಸಿವೆ ಬಣ್ಣದ ಶರ್ಟ್ ಬಟ್ಟೆಯ ಒಂದು ಥಾನು. ಎರಡು ವರ್ಷದಿಂದ ಅದರ ಒಂದು ಮೀಟರ್ ಕೂಡ ಹೋಗಿರಲಿಲ್ಲ. ಲೋಕದಲ್ಲಿ ಯಾರೂ ಕೊಳ್ಳದ ಬಟ್ಟೆಯಷ್ಟು ಭದ್ರವಾದ ತಿಜೋರಿ ಯಾವುದಿದೆ? ಥಾನನ್ನು ಬಿಚ್ಚಿ, ತೀರ ಒಳಗಿನ ಮಡಿಕೆಯಲ್ಲಿ ಬಟ್ಟೆ ಸುತ್ತಿದ ಹಲಗೆಗೆ ತಾಗುವಂತೆ ಪತ್ರವನ್ನಿಟ್ಟು, ಮತ್ತೆ ಸುತ್ತಿಟ್ಟೆ.

ಅಲ್ಲಿಂದ ಪ್ರತಿ ಭಾನುವಾರ ಚಪ್ಪಲಿ ಬಿಡುವ ಮೊದಲೇ ಅವನು ಕೇಳುತ್ತಿದ್ದ, ಪತ್ರ ಬಂತೇ ಎಂದು. ಇನ್ನೂ ಇಲ್ಲ ಎನ್ನುತ್ತಿದ್ದೆ. ಒಂದೇ ಸುಳ್ಳು, ವಾರಕ್ಕೊಮ್ಮೆ. ಮೊದಲ ವಾರ ಗೋಡೆ ನೋಡಿಕೊಂಡು ಹೇಳಿದೆ. ನಾಲ್ಕನೇ ವಾರದ ಹೊತ್ತಿಗೆ, ಮುಂಬೈಯವರಿಗೆ ಶಿಸ್ತಿಲ್ಲ ಎಂದು ನಾನೇ ಬೈಯತೊಡಗಿದ್ದೆ.

ಸುಳ್ಳಿಗೆ ಊರೂ ಒತ್ತಾಸೆ ಕೊಟ್ಟಿತು ಅನ್ನಿ. ನಮ್ಮ ಊರಿನಲ್ಲಿ ಮುಚ್ಚಿದ ಹತ್ತಿ ಗಿರಣಿ ಇನ್ನೇನು ತೆರೆಯುತ್ತದೆ ಎಂದು ಕಾಯುವವರು ಓಣಿಗೆ ನಾಲ್ಕು ಜನರಿದ್ದರು. ಹೊಸ ಮಾಲೀಕ ಬಂದನಂತೆ, ಯಂತ್ರಕ್ಕೆ ಎಣ್ಣೆ ಬಿಟ್ಟರಂತೆ. ತೆರೆಯುವುದಿಲ್ಲ ಎಂದು ಹೇಳಿದವನ ಅಂಗಡಿಯ ಕಟ್ಟೆಯ ಮೇಲೆ ಅವರು ಮರುದಿನ ಕೂರುತ್ತಿರಲಿಲ್ಲ. ಇಂಥ ಊರಿನಲ್ಲಿ ಆಟದ ಕ್ಯಾಸೆಟ್ಟೊಂದು ಬರುವುದಿಲ್ಲ ಎಂದು ಹೇಳಲು ನಾನು ಯಾರು? ಹೀಗೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ತಂಡದವರನ್ನು ಮತ್ತೊಮ್ಮೆ ವಾಪಸ್ ಕಳಿಸಿದ್ದನ್ನು ಹೇಳಿದ ದಿನ ಮಾತ್ರ ಸಮಾಧಾನ ಕೆಲಸ ಮಾಡಲಿಲ್ಲ. ಅವತ್ತು ಅವನಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ನಿನ್ನ ಮಂಡಕ್ಕಿಗೆ ಇನ್ನಷ್ಟು ಖಾರ ಬೇಕೇ ಎಂದು ಕೇಳಿ ಮುಚ್ಚಿದೆ.

ಯುಗಾದಿಯ ಹಿಂದಿನ ವಾರ ಅವನು ತಾಯಿಯನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದ. ಹಬ್ಬಕ್ಕೆ ಅವನಿಗೊಂದು ಶರ್ಟ್ ಪೀಸ್ ಬೇಕಿತ್ತು. ಗೆಳೆಯನ ಅಂಗಡಿ ಇರುವಾಗ ಬೇರೆ ಕಡೆ ಯಾಕೆ ಎಂದು ತಾಯಿಯೇ ಹಟ ಮಾಡಿದರಂತೆ. ಅಪ್ಪ ನೀರು ತರಿಸಿ ಕೂರಿಸಿದರು. ಆಮೇಲೆ ಗೋಡೆಯ ಕಡೆ ಕೈ ಚಾಚಿ ಸಾಸಿವೆ ಬಣ್ಣದ ಥಾನನ್ನು ಎಳೆದರು.

ಇಲ್ಲಿ ನನ್ನ ಬುದ್ಧಿವಂತಿಕೆಯ ಬಗ್ಗೆ ಒಂದು ಮಾತು ಹೇಳಬೇಕು. ಬಟ್ಟೆ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಗಿರಾಕಿಗೆ ಮೊದಲು ತೋರಿಸುವುದು ಯಾರೂ ಕೊಳ್ಳದ ಬಟ್ಟೆಯನ್ನೇ. ಅದನ್ನು ನೋಡಿದ ಕಣ್ಣಿಗೆ ಎರಡನೆಯದು ರೇಷ್ಮೆಯಂತೆ ಕಾಣುತ್ತದೆ. ಇದನ್ನು ನಾನು ಗಾದಿಯ ಮೇಲೆ ತೆವಳುವ ಕಾಲದಿಂದ ನೋಡಿಕೊಂಡು ಬಂದಿದ್ದೆ. ಯಾರೂ ಕೊಳ್ಳದ ಥಾನು ಎಂದರೆ ದಿನಕ್ಕೆ ಹತ್ತು ಸಲ ಬಿಚ್ಚುವ ಥಾನು. ಪತ್ರವಿಟ್ಟ ಮಾರನೇ ದಿನವೇ ಇದು ಹೊಳೆದಿತ್ತು. ಆದರೆ ಅಪ್ಪ ಬಿಚ್ಚುವುದು ಎರಡು ಮೂರು ಸುತ್ತು ಮಾತ್ರ, ಪತ್ರ ಇರುವುದು ತಳದಲ್ಲಿ. ಅಪ್ಪ ಅದನ್ನು ಬಿಚ್ಚುವಾಗಲೆಲ್ಲ ಉಸಿರು ಬಿಗಿಹಿಡಿಯುವುದು ಎರಡು ತಿಂಗಳಲ್ಲಿ ನನಗೆ ರೂಢಿಯಾಗಿತ್ತು. ತೆಗೆದು ಬೇರೆಡೆ ಇಡಬಹುದಿತ್ತಲ್ಲ ಎನ್ನುತ್ತೀರಿ. ಬೇರೆಡೆ ಎಲ್ಲಿ ಎಂದು ಚಿಂತಿಸುವುದರಲ್ಲಿಯೇ ಆ ಎರಡು ತಿಂಗಳು ಕಳೆದಿದ್ದವು.

ಅವನ ತಾಯಿ ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ಒಕ್ಕಲು ಮನೆತನದವರು. ವಸ್ತುವನ್ನು ಬುಡದಿಂದ ನೋಡದೆ ಬೆಲೆ ಮಾತಾಡುವ ಪೈಕಿಯವರಲ್ಲ. ಅಪ್ಪ ಎರಡು ಸುತ್ತು ಹಾರಿಸಿ ನಿಲ್ಲಿಸಿದಾಗ ಅವರು ಅಂಚನ್ನು ಹಿಡಿದು ಹೇಳಿದರು:

"ಪೂರಾ ಬಿಚ್ರಿ ಸಾವ್ಕಾರ್ರ. ಮ್ಯಾಲಿಂದು ಚಂದ ಇಟ್ಟು ಒಳಗ ಹರಕು ಇಟ್ಟಿರ್ತೀರಿ ನೀವು."

ಅಪ್ಪನಿಗೆ ಅವಮಾನವಾಯಿತು. ಥಾನನ್ನು ಎತ್ತಿ ಬಲವಾಗಿ ಒಗೆದರು. ಅದು ಗಾದಿಯುದ್ದಕ್ಕೂ ಉರುಳಿ ಉರುಳಿ ಬಿಚ್ಚಿಕೊಂಡಿತು. ಹಲಗೆ ಟಪ್ಪೆಂದು ನೆಲಕ್ಕೆ ಬಿತ್ತು, ಪತ್ರ ಗೆಳೆಯನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಲಕೋಟೆಯ ಮೇಲೆ ನನ್ನದೇ ಅಕ್ಷರದಲ್ಲಿ ನನ್ನ ವಿಳಾಸ. ಆ ಅಕ್ಷರವನ್ನು ಅವನು ಎರಡು ವರ್ಷ ಪಕ್ಕದಲ್ಲಿ ಕೂತು ನೋಡಿ ನಕಲು ಮಾಡಿದವನು.

ಅವನು ಪತ್ರ ತೆಗೆದು ಓದಿದ. ಇಂಗ್ಲಿಷು ಅವನಿಗೆ ನಿಧಾನ. ಆ ಮೂರು ಸಾಲು ಓದುವ ಹೊತ್ತಿಗೆ ಅಪ್ಪ ಬೇರೆ ನಾಲ್ಕು ಥಾನು ತೋರಿಸಿದ್ದರು. ಆಮೇಲೆ ಲಕೋಟೆಯನ್ನು ತಿರುಗಿಸಿ ಅಂಚೆ ಮುದ್ರೆಯ ತಾರೀಖು ನೋಡಿದ. ಪತ್ರವನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ತಾಯಿ ತಿಳಿ ನೀಲಿ ಬಣ್ಣದ್ದನ್ನು ಆರಿಸಿದರು, ಅಪ್ಪ ಎರಡು ಮೀಟರ್ ಇಪ್ಪತ್ತು ಹರಿದು ಕೊಟ್ಟರು. ಬಸ್ಸಿಗೆ ಹತ್ತಿಸಿ ಬಾ ಎಂದು ನನ್ನನ್ನು ಕಳಿಸಿದರು.

ತಾಯಿ ಮುಂದೆ ನಡೆಯುತ್ತಿದ್ದರು. ನಾವಿಬ್ಬರೂ ಹಿಂದೆ. ಬಸ್ ನಿಲ್ದಾಣ ಕಾಣುವವರೆಗೆ ನಾನು ಏನೇನೋ ಹೇಳಿದೆ: ನಿನಗೆ ಬೇಜಾರಾಗಬಾರದೆಂದು, ಇನ್ನೊಂದು ಪತ್ರ ಬರೆದು ಖಾತ್ರಿ ಮಾಡಿಕೊಳ್ಳೋಣವೆಂದು. ಅವನು ಪತ್ರವನ್ನು ನನ್ನ ಜೇಬಿಗೆ ತುರುಕಿದ.

"ಆಟ ಹಾಳಾಗ್ಲಿ ಬಿಡು," ಎಂದ. "ಟೀಮಿನೋರು ಕರದಾಗೆಲ್ಲ ನಮ್ ಸಾವ್ಕಾರಂಗ ಪತ್ರ ಬರ್ಲಿ ಅಂತ ಹೇಳ್ಕಂತ ಬಂದೆ. ಅವರು ಯಾವ ಪತ್ರ ಅಂತ ನಗ್ತಿದ್ರು."

ನಿಲ್ದಾಣದ ಬಾಗಿಲಲ್ಲಿ ಅವನು ನಿಂತ.

"ಒಂದು ಕೇಳ್ತೀನಿ. ಆಟ ಇಲ್ಲ, ಸುಮ್ನೆ ಬಾ ಅಂದಿದ್ರೆ ನಾ ಬರ್ತಿರ್ಲಿಲ್ಲ ಅಂತ ಯಾಕ ಅನ್ಕಂಡಿ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಪನ್ನದ ಲೆಕ್ಕದ ಉತ್ತರ. ಹೇಳಲು ನಾಚಿಕೆಯಾಯಿತು. ಅಷ್ಟರಲ್ಲಿ ಅವನ ತಾಯಿ ಬಸ್ಸಿನ ಮೆಟ್ಟಿಲ ಮೇಲಿಂದ ಬರ್ತೀಯೋ ಇಲ್ವೋ ಎಂದು ಕರೆದರು. ಅವನು ಹತ್ತಿದ.

ಆಮೇಲೆ ನಾನು ನಿಜದ ಪಕ್ಷ ಸೇರಿದೆ, ತಡವಾಗಿ. ಕ್ಯಾಸೆಟ್ ಅಂಗಡಿಯ ಮುಂದೆ ನಾಲ್ಕನೇ ಭಾಗಕ್ಕೆ ಕಾಯುತ್ತಿದ್ದವರಿಗೆಲ್ಲ ಪತ್ರ ತೋರಿಸಿದೆ. ಒಬ್ಬನೂ ನಂಬಲಿಲ್ಲ. ಕಂಪನಿಯವರು ಗುಟ್ಟು ಬಿಡುತ್ತಾರೆಯೇ, ಇಲ್ಲ ಎಂದು ಬರೆದಿದ್ದಾರೆ ಎಂದರೆ ಖಂಡಿತ ಬರುತ್ತದೆ ಎಂದೇ ಅರ್ಥ ಎಂದು ಅಂಗಡಿಯವನು ನನ್ನದೇ ಪತ್ರವನ್ನು ಎತ್ತಿ ಹಿಡಿದು ಅವರಿಗೆ ವಿವರಿಸಿದ. ಈ ಸಲ ಗಣೇಶನ ಹಬ್ಬಕ್ಕೆ ಅಂತೆ. ಎರಡು ತಿಂಗಳು ನಾನು ಹೇಳಿದ ಸುಳ್ಳನ್ನು ಒಬ್ಬ ಮನುಷ್ಯ ಪೂರ್ತಿ ನಂಬಿದ್ದ. ಈಗ ನಿಜ ಹೇಳಿದರೆ ಕೇಳುವ ಒಂದು ಕಿವಿಯಿಲ್ಲ.

ಯುಗಾದಿಯ ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ನಾನು ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ಏನೆಂದು ಹೇಳಿಕೊಂಡು ಹೋಗುವುದು? ಕ್ಷಮೆ ಕೇಳಲು ಎಂದರೆ ಅವನು ನಗುತ್ತಾನೆ. ಶರ್ಟ್ ಹೊಲಿಸಿದೆಯಾ ಎಂದು ಕೇಳಲು ಎಂದರೆ ವ್ಯಾಪಾರಕ್ಕೆ ಬಂದ ಎನ್ನುತ್ತಾನೆ. ಮೂರನೇ ಭಾನುವಾರ ಬಸ್ಸಿನಲ್ಲಿ ಕೂತು, ಹೊರಡುವ ಮೊದಲು ಇಳಿದೆ. ಮನೆಯಲ್ಲಿ ಅತ್ತೆ, ಬೇಗ ಬಂದೆಯಲ್ಲ, ಊಟ ಆಯಿತೇ ಎಂದರು. ಟಿವಿಯ ಮುಂದೆ ಕೂತು ಆಟ ಹಾಕಿದೆ. ಕೆಂಪು ಟೊಪ್ಪಿಗೆಯವನು ಬುಡದಲ್ಲಿ ಕಾಲು ಕುಟ್ಟುತ್ತ ನಿಂತಿದ್ದ. ಎರಡನೇ ರಿಮೋಟನ್ನು ಎಡಗೈಯಲ್ಲಿ ಹಿಡಿದು ಎರಡೂ ಕಡೆ ನಾನೇ ಆಡಲು ನೋಡಿದೆ. ಎರಡನೇ ಬಂಡೆಯಲ್ಲಿ ಇಬ್ಬರೂ ಬಿದ್ದೆವು. ಬಿದ್ದವನು ಯಾರೆಂದು ಜಗಳವಾಡಲು ಈ ಸಲ ಯಾರೂ ಇರಲಿಲ್ಲ.

ನಾಲ್ಕನೇ ಭಾನುವಾರ ಪೆಟ್ಟಿಗೆ ಇಲ್ಲದೆ, ಚೀಲವಿಲ್ಲದೆ ಹರಿಹರಕ್ಕೆ ಹೋದೆ. ತೊಡೆಯ ಮೇಲೆ ಏನೂ ಇಲ್ಲದೆ ಆ ಬಸ್ಸಿನಲ್ಲಿ ಕೂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವರ ಮನೆಯಲ್ಲಿ ತಾಯಿ ಇದ್ದರು. ಅವನು ಮೈದಾನಕ್ಕೆ ಹೋಗಿದ್ದಾನೆ, ಟೀಮಿಗೆ ತಗೊಂಡಿದ್ದಾರೆ ಎಂದರು. ಕೂಡ್ರಿ ಎಂದು ಹೇಳುವ ಮೊದಲೇ ನಾನು ಹೊರಟಿದ್ದೆ.

ಮೈದಾನದಲ್ಲಿ ಆಟ ನಡೆದಿತ್ತು. ಬಲೆಯ ಹತ್ತಿರ ಅವನು ಜಿಗಿಯುವುದು ರಸ್ತೆಯಿಂದಲೇ ಕಾಣುತ್ತಿತ್ತು. ನಾನು ಸುಣ್ಣದ ಗೆರೆಯ ಆಚೆ ನಿಂತೆ. ಚೆಂಡು ಹೊರಗೆ ಹೋದಾಗ ಅವನ ಕಣ್ಣು ನನ್ನ ಮೇಲೆ ಬಿತ್ತು. ಬೆವರು ಒರೆಸಿಕೊಳ್ಳುತ್ತ ಬಂದ.

"ಏನ್ ಬಂದಿ?"

ನಮ್ಮ ಕಡೆ ಯಾರು ಯಾರನ್ನು ಕಂಡರೂ ಕೇಳುವ ಮಾತು ಅದು. ಬಸ್ಸಿನಲ್ಲಿ ಇದಕ್ಕೆ ಮೂರು ಉತ್ತರ ತಯಾರು ಮಾಡಿಕೊಂಡಿದ್ದೆ. ಮೂರೂ ಮರೆತುಹೋದವು.

"ಸುಮ್ನೆ," ಎಂದೆ.

ಅವನು ಒಂದು ಕ್ಷಣ ನನ್ನ ಖಾಲಿ ಕೈಗಳನ್ನು ನೋಡಿದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

"ಹಂಗಾರೆ ಕುಂದ್ರು. ಇನ್ನ ಎರಡು ಗೇಮ್ ಐತೆ," ಎಂದು ಓಡಿಹೋದ.

ಕೂತೆ. ವಾಲಿಬಾಲ್ ನನಗೆ ತಿಳಿಯದ ಆಟ. ಯಾವಾಗ ಚಪ್ಪಾಳೆ ಹೊಡೆಯಬೇಕೆಂದು ಗೊತ್ತಾಗದೆ ಎಲ್ಲರೂ ನಿಲ್ಲಿಸಿದ ಮೇಲೆ ನಾನು ಶುರು ಮಾಡುತ್ತಿದ್ದೆ. ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ಮುಗಿದ ಮೇಲೆ ಅವನು ನನ್ನನ್ನೂ ಕರೆದುಕೊಂಡು ತಂಡದವರ ಜೊತೆ ಚಹಾಕ್ಕೆ ಹೋದ. ಆರು ಜನ ಎತ್ತರದವರು ನನಗೆ ಗೊತ್ತಿಲ್ಲದ ಸೂಪರ್‌ವೈಸರನನ್ನು ಬೈಯುತ್ತ ಮುಂದೆ ನಡೆದರು. ನಾನು ಎರಡು ಹೆಜ್ಜೆ ಹಿಂದೆ ನಡೆದೆ. ಅವನೂ ಅವರ ಜೊತೆಗೇ ನಗುತ್ತಿದ್ದ, ನಡುನಡುವೆ ತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಿದ್ದ. ಬಸ್ಸು ಬಂದಾಗ ಮುಂದಿನ ವಾರವೂ ಬಾ ಎಂದ. ಅವನು ಮನಸ್ಸಿನಿಂದ ಹೇಳಿದನೋ, ಬಾಯಿಮಾತಿಗೆ ಹೇಳಿದನೋ ಎಂದು ದಾವಣಗೆರೆಯವರೆಗೂ ಯೋಚಿಸಿದೆ. ತೀರ್ಮಾನವಾಗಲಿಲ್ಲ. ಮುಂದಿನ ಭಾನುವಾರ ತೀರ್ಮಾನವಾಗದೆಯೇ ಹೋದೆ, ಗೆರೆಯ ಆಚೆ ಕೂತೆ.